ವಾಪಸ್ ಭಾವ ಬೆಟ್ಟ ಹತ್ತಲು ಹೋದದ್ದು

ನನ್ನ ಭಾವನಿಗೆ ಊರಿಗೆ ಊರೇ ಇಟ್ಟ ಹೆಸರು ‘ವಾಪಸ್’. ಬ್ಯಾಂಕಿನ ಮೂರನೇ ಕೌಂಟರಿನಲ್ಲಿ ಮೂವತ್ತೊಂದು ವರ್ಷದಿಂದ ಕ್ಯಾಷಿಯರಾಗಿ ಕೂತಿರುವ ಅವರು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಅದೊಂದೇ. ನೋಟಿನಲ್ಲಿ ಪಿನ್ನಿನ ತೂತಿದ್ದರೆ ವಾಪಸ್, ಮೂಲೆ ಹರಿದಿದ್ದರೆ ವಾಪಸ್, ಯಾರೋ ಪೆನ್ನಿನಲ್ಲಿ ಗೀಚಿದ್ದರೆ ಗುರಾಯಿಸಿ ವಾಪಸ್. ಎರಡು ಬೆರಳಲ್ಲಿ ನೋಟು ಹಿಡಿದು, ಟ್ಯೂಬ್‌ಲೈಟಿಗೆ ಎತ್ತಿ, ಎಡಗಣ್ಣು ಮುಚ್ಚಿ ನೋಡುವ ಅವರ ಗತ್ತಿಗೆ ನೋಟೇ ಬೆವರಬೇಕು. ಮದುವೆಯ ದಿನ ನಾನು ಕೈಗಿಟ್ಟ ಉಡುಗೊರೆಯ ನೋಟನ್ನೂ ಎಲ್ಲರೆದುರು ಹಾಗೇ ಎತ್ತಿ ನೋಡಿದ್ದರು. ಆ ಕೋಪ ನನಗಿನ್ನೂ ಇಳಿದಿಲ್ಲ.

ಅಕ್ಕ ದರ್ಜಿ. ಬ್ಯಾಂಕಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಹೊಲಿಗೆ ಮೆಷಿನ್ನಿನ ಎದುರಿನ ಗೋಡೆಯಲ್ಲಿ ಯಾವುದೋ ಕಾಲದ ಕ್ಯಾಲೆಂಡರು, ಅದರಲ್ಲಿ ಯಾವುದೋ ದೇಶದ ಹಿಮದ ಬೆಟ್ಟ. ಇಪ್ಪತ್ತು ವರ್ಷ ಅದನ್ನೇ ನೋಡುತ್ತ ಕಂಡವರ ಕಾಲರು ತಿರುಗಿಸಿದವಳು, ಐವತ್ತು ತುಂಬಿದ ದಿನ ಕತ್ತರಿ ಕೆಳಗಿಟ್ಟು, “ನಾನು ಇದನ್ನ ಹತ್ತಬೇಕು,” ಅಂದಳು.

“ದೂರದ ಬೆಟ್ಟ ನುಣ್ಣಗೆ ಅಕ್ಕ,” ಅಂದೆ.

“ನುಣ್ಣಗಿದ್ಯೋ ಇಲ್ವೋ, ಹತ್ರ ಹೋಗೇ ನೋಡ್ತೀನಿ. ನಿನಗೇನು ಕಷ್ಟ?”

ಆಮೇಲೆ ಎರಡು ವರ್ಷ ಅವಳು ದಿನಾ ಬೆಳಗ್ಗೆ ಬೆನ್ನಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿದಳು. ಭಾವನೂ ಏದುಸಿರು ಬಿಡುತ್ತ ಹಿಂದೆ ಹಿಂದೆ ಹತ್ತಿದರು. ಅಕ್ಕ ಅಷ್ಟು ಆಸೆಪಟ್ಟಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ದುಡ್ಡಿನ ಜವಾಬ್ದಾರಿ ಭಾವನದು. ವಿಮಾನಕ್ಕೆ, ಊಟ ವಸತಿಗೆ, ದಾರಿ ತೋರಿಸುವವನಿಗೆ ಎಲ್ಲ ಮೊದಲೇ ಕಟ್ಟಿದ್ದಾಯಿತು. ಉಳಿದದ್ದು ಬೆಟ್ಟದ ಬುಡದ ಕಚೇರಿಯಲ್ಲಿ ಕಟ್ಟಬೇಕಾದ ಪರವಾನಗಿ ಶುಲ್ಕ, ತಲೆಗೆ ಐವತ್ತು ಡಾಲರು. ಪರದೇಶದಲ್ಲಿ ಕಳ್ಳರು ಕಾರ್ಡು ಉಜ್ಜಿ ದೋಚುತ್ತಾರೆಂದು ಎಲ್ಲೋ ಓದಿದ್ದ ಭಾವ, ಹೊರಡುವ ಮುನ್ನಾ ದಿನ ತಮ್ಮ ಬ್ಯಾಂಕಿಗೇ ಅರ್ಜಿ ಬರೆದು, ಇಬ್ಬರ ಕಾರ್ಡುಗಳೂ ಹೊರದೇಶದಲ್ಲಿ ನಡೆಯದಂತೆ ಮಾಡಿಸಿದರು. ಅರ್ಜಿಗೆ ಠಸ್ಸೆ ಒತ್ತಿದ್ದೂ ಅವರೇ. ಆಮೇಲೆ ಅವೇ ಕಾರ್ಡುಗಳನ್ನು ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಹೋದರು. ಯಾಕೆ ಅಂತ ನನ್ನನ್ನು ಕೇಳಬೇಡಿ.

ನೋಟುಗಳ ಕಾವಲು ಅಕ್ಕನದು. ಗರಿಗರಿಯಾದ ಡಾಲರುಗಳನ್ನು ಭಾವ ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿ ತಂದಿದ್ದರು. ಅಕ್ಕ ಅವನ್ನು ಭಾವನ ಬನಿಯನ್ನಿನ ಒಳಪದರಿನಲ್ಲಿಟ್ಟು, ಜಾರದಿರಲಿ ಎಂದು ಪ್ರತಿಯೊಂದು ನೋಟಿಗೂ ನಾಲ್ಕೂ ಅಂಚಿನಲ್ಲಿ ಸಣ್ಣ ಹೊಲಿಗೆ ಹಾಕಿಕೊಟ್ಟಳು. ಹೊಲಿಗೆಯೆಂದರೆ ಹೊಲಿಗೆ. ಕಳ್ಳನಿರಲಿ, ಯಮ ಬಂದರೂ ಬಿಚ್ಚುವಂತಿರಲಿಲ್ಲ.

ಬೆಟ್ಟದ ಬುಡದ ಕಚೇರಿಯೆಂದರೆ ಒಂದು ಹಲಗೆಯ ಕೋಣೆ, ಒಂದು ಕಿಟಕಿ, ಒಳಗೊಬ್ಬ ಗುಮಾಸ್ತ. ಭಾವ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ನೋಟು ಕೊಟ್ಟರು. ಗುಮಾಸ್ತ ಒಂದನ್ನು ಎರಡು ಬೆರಳಲ್ಲಿ ಹಿಡಿದು, ಬಲ್ಬಿಗೆ ಎತ್ತಿ, ಎಡಗಣ್ಣು ಮುಚ್ಚಿದ. ನಾಲ್ಕು ಅಂಚಿನಲ್ಲೂ ಸಾಲು ಸಾಲು ಸೂಜಿ ತೂತು. ಕಿಟಕಿಯಿಂದ ಈಚೆಗೆ ತಳ್ಳಿದ. ಇನ್ನೊಂದು ಕೊಟ್ಟರು, ಅದನ್ನೂ ತಳ್ಳಿದ. ಎಲ್ಲವನ್ನೂ ತಳ್ಳಿದ.

“ಎಷ್ಟು ಚೆನ್ನಾಗಿ ಕೆಲಸ ಮಾಡ್ತಾನೆ ನೋಡೇ,” ಅಂದರು ಭಾವ, ಕಣ್ಣರಳಿಸಿ.

“ಅವನ ಕೆಲಸಕ್ಕೆ ಬೆಂಕಿ ಬಿತ್ತು! ಕಾರ್ಡ್ ತೆಗೀರಿ!”

ಕಾಲುಚೀಲದಿಂದ ಕಾರ್ಡು ಬಂತು. ನಡೆಯಲಿಲ್ಲ. ಭಾವ ಬ್ಯಾಂಕಿಗೆ ಫೋನು ಮಾಡಿದರು. ಎತ್ತಿದವನು ಅವರ ಕೈಕೆಳಗೇ ಪಳಗಿದ ಹುಡುಗ. “ತಡೆ ತೆಗೆಯೋಕೆ ನೀವು ಖುದ್ದಾಗಿ ಮೂರನೇ ಕೌಂಟರಿಗೆ ಬಂದು ಅರ್ಜಿ ಕೊಡ್ಬೇಕು ಸಾರ್,” ಅಂದ.

“ಮೂರನೇ ಕೌಂಟರ್‌ನಲ್ಲಿ ಕೂರೋದು ನಾನೇ ಕಣಯ್ಯಾ!”

“ನೀವು ರಜೆಲಿದ್ದೀರಲ್ಲ ಸಾರ್,” ಅಂದ ಹುಡುಗ. ಮಾಡಿದ್ದುಣ್ಣೋ ಮಹಾರಾಯ.

ಇವರು ಸೇರಬೇಕಿದ್ದ ತಂಡ ಬೆಟ್ಟಕ್ಕೆ ಹೊರಡಲು ಇನ್ನೆರಡು ದಿನವಿತ್ತು. ಅಕ್ಕ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ತಲೆಯೆತ್ತಿದರೆ, ಬೆಟ್ಟದಿಂದ ಇಳಿದು ಬರುತ್ತಿದ್ದವರ ಮೈಮೇಲೆಲ್ಲ ಹರಕು ಜಾಕೆಟು: ಒಬ್ಬನ ಮೊಣಕೈ ಹೊರಗೆ, ಇನ್ನೊಬ್ಬಳ ಜಿಪ್ಪು ಕಿತ್ತು ನೇತಾಡುತ್ತಿದೆ. ಅಕ್ಕ ಮೂಗೊರೆಸಿಕೊಂಡು ಚೀಲದಿಂದ ಸೂಜಿ ತೆಗೆದಳು, ಅದೇ ಸೂಜಿ. ಒಂದು ಜಾಕೆಟಿಗೆ ಹತ್ತು ಡಾಲರು ಅಂತ ಬೆರಳು ತೋರಿಸಿ ಕೂತಳು. ಪಕ್ಕದಲ್ಲಿ ಖಾಲಿ ಡಬ್ಬಿ ಹಿಡಿದು ಭಾವ ಕೂತರು. ಬಂದ ಪ್ರತಿ ನೋಟನ್ನೂ ಸೂರ್ಯನಿಗೆ ಎತ್ತಿ ನೋಡಿ, ಮೂರು ಗಿರಾಕಿಗಳನ್ನು ವಾಪಸ್ ಕಳಿಸಿ ಬೇರೆ ನೋಟು ತರಿಸಿದರು. ಎರಡನೇ ದಿನ ಮಧ್ಯಾಹ್ನಕ್ಕೆ ಒಂಬತ್ತು ಒಳ್ಳೆಯ ನೋಟು ಸೇರಿದ್ದವು. ಇನ್ನೊಂದು ಬಂದರೆ ಇಬ್ಬರಿಗೂ ಬೆಟ್ಟ.

ಹತ್ತನೆಯವನು ತುದಿ ಮುಟ್ಟಲಾಗದೆ ಅರ್ಧಕ್ಕೇ ಇಳಿದು ಬಂದ ಮುದುಕ. ಭುಜದಿಂದ ಸೊಂಟದವರೆಗೆ ಹರಿದಿದ್ದ ಅವನ ಜಾಕೆಟನ್ನು ಅಕ್ಕ ಹೊಲಿದು ಕೊಟ್ಟಳು. ಅವನು ಜೇಬೆಲ್ಲ ತಡಕಿ ಒದ್ದೆ ನೋಟೊಂದನ್ನು ಭಾವನ ಕೈಗಿಟ್ಟು, ಬೇರೆ ಇಲ್ಲ ಎಂಬಂತೆ ಜೇಬು ತಿರುಗಿಸಿ ತೋರಿಸಿ ತಲೆ ತಗ್ಗಿಸಿ ನಿಂತ. ಭಾವ ಅದನ್ನು ಸೂರ್ಯನಿಗೆ ಎತ್ತಿದರು. ತುಂಬ ಹೊತ್ತು ನೋಡಿದರು. ಆಮೇಲೆ ಡಬ್ಬಿಗೆ ಹಾಕಿಕೊಂಡರು.

ಕಿಟಕಿಯಲ್ಲಿ ಒಂಬತ್ತು ನೋಟು ಒಳಗೆ ಹೋದವು. ಹತ್ತನೆಯದು ಈಚೆಗೆ ಬಂತು. ಅಷ್ಟರಲ್ಲಿ ತಂಡ ಚೀಲ ಹೊತ್ತು ಎದ್ದು ನಿಂತಿತ್ತು. ಇದ್ದದ್ದು ಒಬ್ಬರ ಪರವಾನಗಿಗೆ ಮಾತ್ರ.

“ಅಂಚು ಹರಿದಿದ್ದು ನಿಮಗೆ ಕಾಣ್ಲಿಲ್ವಾ?” ಅಂದಳು ಅಕ್ಕ.

“ಕಾಣ್ತು.”

“ಮತ್ತೆ ಯಾಕೆ ತಗೊಂಡ್ರಿ?”

“ಹೊತ್ತಾಯ್ತು, ನಡಿ,” ಅಂದ ಭಾವ ಆ ಹರಕು ನೋಟನ್ನು ಅವಳ ಜೇಬಿಗೆ ತುರುಕಿದರು. ಅಕ್ಕ ತಿರುಗಿ ತಿರುಗಿ ನೋಡುತ್ತ ಹೋದಳಂತೆ. ಐದು ದಿನ ಭಾವ ಬುಡದಲ್ಲಿ ಕೂತಿದ್ದರು. ಸುಮ್ಮನೆ ಕೂರುವ ಜೀವವೇ ಅದು? ಮೂರನೇ ದಿನಕ್ಕೆ ಕಿಟಕಿಯ ಒಳಗೆ ಗುಮಾಸ್ತನ ಪಕ್ಕ ಅವರಿಗೊಂದು ಸ್ಟೂಲು ಸಿಕ್ಕಿತ್ತು. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಇಬ್ಬರೂ ಜೋಡಿಯಾಗಿ ಎಡಗಣ್ಣು ಮುಚ್ಚುತ್ತಿದ್ದರಂತೆ.

ಅಕ್ಕ ತುದಿ ಮುಟ್ಟಿದಳು. ಅಲ್ಲಿ ತೆಗೆಸಿಕೊಂಡ ಫೋಟೋ ಈಗ ಮೂರನೇ ಕೌಂಟರಿನ ಗಾಜಿನ ಕೆಳಗಿದೆ. ಅದರಲ್ಲಿ ಅವಳು ಆ ಹರಕು ನೋಟನ್ನು ಎರಡು ಬೆರಳಲ್ಲಿ ಹಿಡಿದು, ಆಕಾಶಕ್ಕೆ ಎತ್ತಿ, ಥೇಟ್ ಭಾವನ ಹಾಗೆ ಎಡಗಣ್ಣು ಮುಚ್ಚಿದ್ದಾಳೆ. ಅದನ್ನು ನೋಡಿದಾಗ ನನ್ನ ಹಳೆಯ ಕೋಪವೂ ಇಳಿದಂತಾಯಿತು. ಮನಸ್ಸು ಕರಗಿದ ಆ ಗಳಿಗೆಯಲ್ಲೇ, ಬಹಳ ದಿನದಿಂದ ಎಲ್ಲೂ ನಡೆಯದಿದ್ದ ಹರಿದ ನೋಟೊಂದನ್ನು ಕೌಂಟರಿನೊಳಗೆ ಸರಿಸಿದೆ. ಭಾವ ಎತ್ತಿ ನೋಡಿದರು.

“ವಾಪಸ್,” ಅಂದರು.

“ಅಲ್ಲಿ ಆ ಮುದುಕನ ಹತ್ರ ತಗೊಂಡ್ರಲ್ಲ ಭಾವ!”

“ಅಲ್ಲಿ ಹೋಗಿದ್ದು ನನ್ನ ಬೆಟ್ಟ ಕಣೋ,” ಅಂದರು ಅವರು. “ಇದು ಬ್ಯಾಂಕಿನ ದುಡ್ಡು. ಮುಂದಿನವರು ಬನ್ನಿ.”