ಆಷಾಢಕ್ಕೆ ಮುಂಚೆ ಬಿಚ್ಚಿಸಿದ ಸೆಂಟ್ರಿಂಗ್

ಸೆಂಟ್ರಿಂಗ್ ಬಿಚ್ಚು ಎಂದವಳು ನಾನು, ನಿಂಗಣ್ಣ. ಇದನ್ನು ನಮ್ಮ ಯಜಮಾನರಿಂದ ಇಷ್ಟು ವರ್ಷ ಮುಚ್ಚಿಟ್ಟೆ. ನಿನಗಂತೂ ಗೊತ್ತೇ ಇತ್ತು — ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆ. ತುಮಕೂರಿನಲ್ಲಿ ನಾವು ಬಾಡಿಗೆಗೆ ಕೊಡುವ ಮನೆಯ ಹೆಂಚು ತೆಗೆಸಿ, ಶೀಟು, ಕಂಬಗಳ ಸೆಂಟ್ರಿಂಗ್ ಆಸರೆಯ ಮೇಲೆ ಕಾಂಕ್ರೀಟ್ ಮೋಲ್ಡ್ ಹಾಕಿಸುತ್ತಿದ್ದೆವು. ಇವರು ಕುಣಿಗಲ್‌ನಲ್ಲಿ ಕೆಲಸದಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದುದರಿಂದ, ಮೇಸ್ತ್ರಿಯಾದ ನಿನ್ನ ಮೇಲೆ ಯಜಮಾನಿಕೆ ಮಾಡುವ ಅವಕಾಶ ನನ್ನದಾಗಿತ್ತು. ಚೆನ್ನಾಗಿಯೇ ಮಾಡಿದೆ. ಅಂತರಸನಹಳ್ಳಿ ಫ್ಯಾಕ್ಟರಿಯವರೊಬ್ಬರು ಮನೆ ಒಪ್ಪಿಕೊಂಡು, ಆಷಾಢ ಹುಟ್ಟುವುದರೊಳಗೆ ಹಾಲು ಉಕ್ಕಿಸಬೇಕು, ಇಲ್ಲವಾದರೆ ಬೇರೆ ಮನೆ ನೋಡುತ್ತೇವೆ ಎಂದಿದ್ದರು. ತಿಂಗಳಿಡೀ ಮನೆ ಖಾಲಿ ಬೀಳುವುದೆಂದರೆ ನನಗೆ ಜೀವ ಚಡಪಡಿಸಿತು.

"ಮೋಲ್ಡ್ ಇನ್ನೂ ಹಸೀದು ಕಣಕ್ಕ, ಈಗ್ಲೇ ಬಿಚ್ಚಿದ್ರೆ ಜಗ್ತದೆ."

"ಬಿಚ್ಚು ನಿಂಗಣ್ಣ. ಏನಾದ್ರೂ ಆದ್ರೆ ನಾನಿದೀನಿ," ಎಂದೆ.

ಬಾಡಿಗೆಯವರು ಬಂದು ಹಾಲು ಉಕ್ಕಿಸಿದರು. ಮಳೆ ಹಿಡಿಯುವಷ್ಟರಲ್ಲಿ ನಡುಮನೆಯ ಮೋಲ್ಡ್ ಜಗ್ಗಿ ಬಿರುಕು ಬಿಟ್ಟಿತ್ತು — ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟು ಸಾಕಾಗಿ ಮನೆ ಬಿಟ್ಟರು. ಒಡೆದು ಮತ್ತೆ ಹಾಕಿಸಬೇಕಾಯಿತು. ಆ ಖರ್ಚು ಮೇಸ್ತ್ರಿಯೇ ತುಂಬಿಕೊಡಬೇಕೆಂದು ಇವರು ನಿನ್ನನ್ನು ಕರೆಸಿದರು.

"ಯಾರನ್ನ ಕೇಳಿ ಬಿಚ್ದೆ?"

ನೀನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಲ್ಲೇ ನಿಂತಿದ್ದೆ ನಾನು. ನಾನೇ ಹೇಳಲಿ ಎಂದು ನೀನು ಕಾದೆ. ನಾನು — ಕಾಫಿಗೆ ಇಟ್ಟಿದ್ದೇನೆ ಎನ್ನುತ್ತಾ ಒಳಗೆ ಹೋದೆ.

"ನಂದೇ ತಪ್ಪು ಬುಡಿ ಸಾ," ಎಂದದ್ದು ಒಳಗೂ ಕೇಳಿಸಿತು.

ನೀನು ನಿನ್ನ ಸೆಂಟ್ರಿಂಗ್ ಶೀಟುಗಳನ್ನೆಲ್ಲ ಮಾರಿ ಖರ್ಚು ತುಂಬಿಕೊಟ್ಟೆ. ಶೀಟೂ ಇಲ್ಲ, ಹೆಸರೂ ಕೆಟ್ಟಿತು — ಆಮೇಲೆ ನಿನಗೆ ಮೋಲ್ಡ್ ಕೆಲಸ ಯಾರು ಕೊಡುತ್ತಾರೆ? ಗುಬ್ಬಿಯಲ್ಲಿ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ಗಾರೆ ಕಲಸುತ್ತಿದ್ದೀಯ ಎಂದು ಕೇಳಿದಾಗಲೂ ನಾನು ಸುಮ್ಮನಿದ್ದೆ. ಗಂಡನಿಗೆ ಹೆದರಿ ಎನ್ನಲಾರೆ. ಇವರು ಹೆದರಿಸುವ ಜನವಲ್ಲ. ನನ್ನ ಜಂಬ, ಅಷ್ಟೇ.

ನಿನ್ನೆ ಇವರಿಗೆ ಹೇಳಿಬಿಟ್ಟೆ. "ಕೆಲಸ್ಗೇಡಿ ಅಂತ ಊರೆಲ್ಲ ಹೇಳ್ಕೊಂಡು ಬಂದ್ನಲ್ಲೇ ಅವ್ನನ್ನ," ಎಂದರು.

ಶೀಟಿನ ದುಡ್ಡು ತರುತ್ತೇನೆ, ತೆಗೆದುಕೊಳ್ಳುವುದು ಬಿಡುವುದು ನಿನ್ನಿಷ್ಟ. ನೀನು ಬಾಗಿಲು ತೆರೆಯದಿದ್ದರೂ ಹೊರಗೇ ನಿಂತು ಹೇಳುವುದನ್ನು ಹೇಳುತ್ತೇನೆ. ಆಷಾಢ ಹುಟ್ಟಿದೆ, ಕಳೆಯಲಿ, ಒಳ್ಳೆಯ ದಿನ ನೋಡಿ ಹೋಗೋಣ ಎಂದರು ಇವರು.

ಬೇಡ. ನಾಳೆ ಬೆಳಿಗ್ಗೆ ನಿಮ್ಮೂರಿಗೆ ಬರುವ ಸಿ.ಎಸ್. ಪುರದ ಬಸ್ಸಿಗೇ ಬರುತ್ತೇನೆ.