ನೀರಿನಲ್ಲಿ ಅದ್ದಿದ ಇಟ್ಟಂಗಿ

ಆ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳನ್ನು ಮುಟ್ಟುವ ಮೊದಲು ಅಪ್ಪ ಒಂದು ಬೋಗುಣಿ ನೀರು ಕೇಳಿದ.

"ನೀರ್ ಯಾಕಪ್ಪಾ?"

"ಒಣ ಇಟ್ಟಂಗಿ ಯಾರರ ಕಟ್ತಾರೇನಬೇ?"

ರಾಯಚೂರಿನಲ್ಲಿ ಅವನದು ಇಪ್ಪತ್ತೈದು ವರ್ಷದ ಗೌಂಡಿ ಕೆಲಸ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಗೋಡೆ ಗಟ್ಟಿಯಾಗುವುದಿಲ್ಲ ಎಂಬುದು ಅವನ ಕೈಗೇ ಗೊತ್ತಿತ್ತು. ಗಾರೆಯೇ ಬೇಡದ ಇಟ್ಟಿಗೆ ಇವು ಎಂದು ನಾನು ಹೇಳಲಿಲ್ಲ. ನೀರು ತಂದಿಟ್ಟೆ.

ಎಂಬತ್ತರ ದಶಕದ ಒಂದು ಬೇಸಿಗೆ ಅದು. ದೇವದುರ್ಗದಲ್ಲಿ ಒಂದು ಮನೆಯ ಕಮಾನಿನ ಹೆಬ್ಬಾಗಿಲು ಕಟ್ಟುತ್ತಿರುವಾಗ ಅವನಿಗೆ ಲಕ್ವಾ ಹೊಡೆದಿತ್ತು. ಬಲಗಾಲು ನಿಧಾನಕ್ಕೆ ಬಂತು, ಬಲಗೈ ಬರಲಿಲ್ಲ. ಬೆರಳಿಗೆ ಏನಾದರೂ ಕೆಲಸ ಕೊಡಿ ಎಂದಿದ್ದರು ದವಾಖಾನೆಯಲ್ಲಿ. ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಯಾವ ಕೆಲಸ ಕೊಡಬೇಕೆಂದು ತಿಳಿಯಲಿಲ್ಲ. ತಿಳಿದದ್ದು ಪಕ್ಕದ ಮನೆಯ ಚಾಚಿಗೆ. ಸೌದಿಯಿಂದ ಗಂಡ ಮಗಳಿಗೆ ಕಳಿಸಿದ್ದ ಇಟ್ಟಿಗೆಗಳನ್ನು ಡಬ್ಬಿ ಸಮೇತ ತಂದು ಸುರಿದಳು.

"ತಗೊಳ್ರಿ ಭಾಯಿ, ಮನಿ ಕಟ್ರಿ. ಆದ್ರ ಬಾಡಿಗಿ ನಮಗ ಬರಬೇಕ್ ನೋಡ್ರಿ ಮತ್ತ!"

ಮಾನ್ವಿಯ ಗುತ್ತಿಗೆದಾರನೊಬ್ಬ ಕಲ್ಯಾಣ ಮಂಟಪ ಕಟ್ಟಿಸುವವನಿದ್ದ. ಕಮಾನುಗಳಿಗೆ ಅಪ್ಪನೇ ಬೇಕು, ಒಂದು ತಿಂಗಳು ಬಿಟ್ಟು ಕೈ ನೋಡಲು ಬರುತ್ತೇನೆ, ಆಗದಿದ್ದರೆ ಬೇರೆ ಮೇಸ್ತ್ರಿಯನ್ನು ಹುಡುಕುತ್ತೇನೆ ಎಂದು ಹೇಳಿಹೋಗಿದ್ದ. ಅಂದಿನಿಂದ ಅಪ್ಪ ಗಾರೆ ಹಚ್ಚುವ ತನ್ನ ಕರಣಿಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ.

ದೇವದುರ್ಗದಲ್ಲಿ ಅರ್ಧಕ್ಕೆ ಬಿಟ್ಟ ಹೆಬ್ಬಾಗಿಲು ನಮ್ಮ ಪಡಸಾಲೆಯಲ್ಲಿ ಎದ್ದಿತು. ಒಂದೊಂದು ಇಟ್ಟಿಗೆಯನ್ನೂ ನೀರಿನಲ್ಲಿ ಅದ್ದಿ, ಸಂದಿಯ ಮೇಲೆ ಸಂದಿ ಬರದ ಹಾಗೆ ಕೂಡಿಸಿದ. ಎರಡು ಬದಿಗೂ ಕಟ್ಟೆ, ದೀಪದ ಗೂಡು. ಬಾಗದ ಇಟ್ಟಿಗೆಯಿಂದ ಕಮಾನು ಮಾಡಲು ಪ್ರತಿ ಸಾಲನ್ನೂ ಇಟ್ಟಿಗೆಯ ಮೇಲಿನ ಒಂದೊಂದು ಗುಬುಟಿನಷ್ಟು ಮುಂದೆ ಚಾಚಿದ. ಎರಡು ಕಡೆಯ ಸಾಲುಗಳು ಮೇಲೆ ಒಂದೇ ಇಟ್ಟಿಗೆಯಲ್ಲಿ ಸೇರಿದವು. ಓಣಿಯವರು ನೋಡಲು ಬಂದರು.

"ಭಾಯಿ, ನಮ್ಮ ಕೋಳಿ ಒಳಗ ಹೊಕ್ಕರ?" ಎಂದಳು ಚಾಚಿ.

"ತಲಿ ಬಗ್ಗಿಸಿ ಬಾ ಅಂತ ಹೇಳ್ರಿ."

ಅವನು ನಗುವುದನ್ನು ಕಂಡು, ಕೈ ಮರಳಿ ಬರುತ್ತದೆಂದು ನಾನೂ ನಂಬತೊಡಗಿದ್ದೆ. ಒಂದು ಸಂಜೆ ಬೋಗುಣಿ ಎತ್ತಿಡುತ್ತ ಟವೆಲ್ ಕೊಟ್ಟೆ. ಅವನ ಎಡಗೈ ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು. ಬಲಗೈಯಲ್ಲಿ ಒಂದು ಹನಿಯೂ ಇರಲಿಲ್ಲ. ನಾನು ನೋಡಿದ್ದನ್ನು ಅವನು ನೋಡಿದ. ಆಮೇಲೆ ಎರಡೂ ಕೈಗಳನ್ನು ಒಂದೇ ಸಮ ಒರೆಸಿಕೊಂಡ.

ಗುತ್ತಿಗೆದಾರ ಬಂದವನೇ ಹೆಬ್ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಯಪ್ಪಾ! ಗಚ್ಚಿಲ್ಲ, ಸಿಮಿಟಿಲ್ಲ, ಹೆಂಗ್ ನಿಂದರಿಸಿದ್ಯೋ ಮೇಸ್ತ್ರಿ?"

"ಎರಡ್ ಕೈ ಅದಾವಲ್ರೀ," ಎಂದ ಅಪ್ಪ.

ನಾನು ನೆಲ ನೋಡಿದೆ. ಗುತ್ತಿಗೆದಾರ ಖುಷಿಯಲ್ಲಿ ಚಂಚಿ ಬಿಚ್ಚಿ ಅಪ್ಪನ ಎಡ ಅಂಗೈಗೆ ತಂಬಾಕು ಸುರಿದು ಸುಣ್ಣ ಹಚ್ಚಿದ.

"ತಿಕ್ಕು. ನೀ ತಿಕ್ಕಿದ್ದರ ಮಜಾನೇ ಬ್ಯಾರೆ."

ಬಲಗೈ ತೊಡೆಯ ಮೇಲೆಯೇ ಇತ್ತು. ಅಪ್ಪ ಅದನ್ನೇ ನೋಡುತ್ತಿದ್ದ. ಅವನ ಕತ್ತಿನ ನರ ಉಬ್ಬಿತು. ನಾನು ತಡೆಯಲಾರದೆ ಮುಂದೆ ಕೂತು, ಅವನ ಅಂಗೈಯಲ್ಲಿ ನನ್ನ ಹೆಬ್ಬೆರಳಿಟ್ಟು ತಿಕ್ಕಿದೆ. ಸುಣ್ಣ ಚುರುಗುಟ್ಟಿತು. ಗುತ್ತಿಗೆದಾರ ಒಂದು ಚಿಟಿಕೆ ತೆಗೆದುಕೊಂಡ.

"ಆರಾಮ ಆಗು ಮೇಸ್ತ್ರಿ. ಮಂಟಪ ಏನ್ ಓಡಿ ಹೋಗಂಗಿಲ್ಲ," ಎಂದು ಮಾನ್ವಿ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಅವನು ಮತ್ತೆ ಬರುವುದಿಲ್ಲವೆಂದು ಮೂವರಿಗೂ ಗೊತ್ತಾಗಿತ್ತು.

ಅವನು ಹೋದ ಮೇಲೆ ಅಪ್ಪ ಕೇಳಿದ. "ನೀ ಯಾಕ ನಡುವ ಬಂದಿ? ಎತ್ತಾಕತ್ತಿದ್ದೆ. ಇನ್ನೊಂದ್ ಸ್ವಲ್ಪ ತಡದಿದ್ರ ಎತ್ತತಿದ್ದೆ."

ನಾನು ಹೆಬ್ಬೆರಳಿಗೆ ಅಂಟಿದ್ದ ಸುಣ್ಣ ಒರೆಸಿಕೊಂಡೆ.

"ಚಾಚಿದು ಚಾಚಿಗೆ ಕೊಟ್ಟು ಬಾ," ಎಂದು ಅವನೇ ಕಮಾನಿನ ಮೇಲಿನ ಇಟ್ಟಿಗೆ ಹಿಡಿದು ಎಳೆದ. ಅದು ಬಿಡಲಿಲ್ಲ, ಇಡೀ ಹೆಬ್ಬಾಗಿಲೇ ಅದರ ಜೊತೆ ನೆಲ ಬಿಟ್ಟು ಎದ್ದಿತು. ಇನ್ನೊಮ್ಮೆ ಎಳೆದ. ಕೂಡಿಸಲು ಒಂದು ಕೈ ಸಾಕಾಗಿತ್ತು, ಬಿಡಿಸಲು ಸಾಲಲಿಲ್ಲ.

"ಹಿಡಕೊ," ಎಂದ, ನನ್ನ ಮುಖ ನೋಡದೆ.

ನಾನು ಕೆಳಗೆ ಹಿಡಿದುಕೊಂಡೆ. ಅವನು ಒಂದೊಂದಾಗಿ ಕಿತ್ತ.