ಬಂದ್ ದಿನದ ಆಕಾಶ

ಬಂಗಾಳದ ಜೋಕಾದಲ್ಲಿ ನಾನು ಸಂಶೋಧನೆಗೆ ಸೇರಿದಾಗ ನನ್ನ ವಿಷಯ ಕೇಳಿ, ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರು ನಕ್ಕಿದ್ದರು. "ಗರಿಯಾಹಾಟಿನಲ್ಲಿ ರಸ್ತೆ ದಾಟ್ಲಿಕ್ಕೆ ಬರುದಿಲ್ಲ, ಆಕಾಶದ ಟ್ರಾಫಿಕ್ ಹೇಳ್ಲಿಕ್ಕೆ ಹೊರಟಿದ್ದಿ!" ಇಲ್ಲಿನ ದಮ್‌ದಮ್ ವಿಮಾನ ನಿಲ್ದಾಣದ ಮೇಲೆ ಯಾವ ಹೊತ್ತಿನಲ್ಲಿ ವಿಮಾನಗಳು ಒಟ್ಟಿಗೆ ಬಂದು ಮುಗಿಬೀಳುತ್ತವೆಂದು ಮುಂಚೆಯೇ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬುವಾಗ ಮಾರ್ಗದರ್ಶಕರು ಬಂದ್ ನಡೆದ ದಿನಗಳನ್ನೆಲ್ಲ ಕೈಬಿಡಿಸಿದರು. ಅವು ಸಾಮಾನ್ಯ ದಿನಗಳಲ್ಲವಂತೆ. ಈ ಊರಿನಲ್ಲಿ ಬಂದ್‌ಗಿಂತ ಸಾಮಾನ್ಯವಾದದ್ದು ಇನ್ನೇನಿದೆ ಸ್ವಾಮಿ ಎಂದು ಕೇಳಿಯೇ ಬಿಟ್ಟೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ಅಮ್ಮ ಮೊದಲ ಬಾರಿಗೆ ವಿಮಾನ ಹತ್ತಿ ಬರುವವಳಿದ್ದಳು. ಸಂಜೆ ಆರರ ನಂತರ ದಟ್ಟಣೆ ಕಡಿಮೆ ಎಂದಿತ್ತು ನನ್ನ ಲೆಕ್ಕ. ಅದನ್ನು ನಂಬಿ ಮುಂಬಯಿಯಿಂದ ಹೊರಟು ಆ ಹೊತ್ತಿಗೆ ಇಲ್ಲಿ ಇಳಿಯುವ ಟಿಕೆಟ್ಟನ್ನೇ ಮಾಡಿಸಿದೆ. ಆಮೇಲೆ ಅದೇ ದಿನಕ್ಕೆ ಬಂದ್ ಕರೆದರು, ಸಂಜೆ ಆರರವರೆಗೆ. ಹಗಲಿನ ವಿಮಾನಗಳೆಲ್ಲ ಆರರ ಆಚೆಗೆ ಸರಿದವು.

ನಾವು ನಿಲ್ದಾಣ ತಲುಪುವಷ್ಟರಲ್ಲಿ ಕಾಲ್‌ಬೈಶಾಖಿಯ ಬಿರುಗಾಳಿಯೂ ಎದ್ದಿತು. ಫಲಕದಲ್ಲಿ ಅಮ್ಮನ ವಿಮಾನದ ಎದುರು ತಡ ಎಂದಷ್ಟೇ ಇತ್ತು. ಸುತ್ತಲಿನವರು ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುತ್ತ ಬಂದ್ ಕರೆದವರನ್ನು ಬೈಯುತ್ತಿದ್ದರು. ತಡವೆಂದರೆ ಮೇಲೆ ಸುತ್ತುತ್ತಿರುವುದು, ಸುತ್ತಿದಷ್ಟೂ ಇಂಧನ ಕರಗುವುದು. ಅದೆಲ್ಲ ಗೊತ್ತಿದ್ದದ್ದೇ ನನ್ನ ಕರ್ಮ.

"ಬರ್ತದೆ ಮಾರಾಯ್ತಿ, ಕೂತ್ಕೊ," ಎಂದರು ಯಜಮಾನರು.

ಕೂರಲಾಗಲಿಲ್ಲ. ಮೋಡದ ಮೇಲೆ ಒಂದು ಸದ್ದು ಹತ್ತಿರ ಬಂದು ದೂರ ಹೋಗುತ್ತಿತ್ತು. ಪ್ರತಿ ಸಲವೂ ಅದು ಅಮ್ಮನ ವಿಮಾನದ್ದೇ ಅನಿಸುತ್ತಿತ್ತು. ಒಮ್ಮೆ ಸದ್ದು ನಿಂತೇ ಹೋಯಿತು. ಅಷ್ಟು ಹೆದರಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಎಷ್ಟೋ ಹೊತ್ತಿನ ಮೇಲೆ ಅಮ್ಮ ಹೊರಗೆ ಬಂದಳು. ಜೊತೆಯಲ್ಲಿ ಅತ್ತು ಕಣ್ಣು ಕೆಂಪಾದ ಬಂಗಾಳಿ ಹೆಂಗಸೊಬ್ಬರಿದ್ದರು.

"ಪಾಪ, ಪಕ್ಕದಲ್ಲಿ ಕೂತು ಅಳ್ತಾ ಇದ್ರು," ಎಂದಳು ಅಮ್ಮ. "ನನ್ನ ಮಗಳು ಕೆಳಗಿದ್ದಾಳೆ, ಈ ವಿಮಾನದ ಲೆಕ್ಕ ನೋಡುದೇ ಅವಳ ಕೆಲಸ, ಎಂತ ಆಗುದಿಲ್ಲ ಅಂತ ನನ್ನ ಹರುಕು ಹಿಂದಿಯಲ್ಲೇ ಹೇಳಿದೆ. ಮತ್ತೆ ಸುಮ್ಮನಾದ್ರು."

ಆ ಹೆಂಗಸು ನನ್ನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡರು.